ಸುಂದರಾಬಾಯಿಯ ಕಾರಿನ ಬಾಗಿಲು

ಯಮಕನಮರಡಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಭೀಮೇಶ ಟಿಂಕರಿಂಗ್ ಕೆಲಸಕ್ಕಿದ್ದ. ಊರು ಮೇಲವಂಕಿ. ಅಲ್ಲಿ ಅವನ ಅವ್ವ ಮರೆವ್ವ, ಮಗ ಎಂಜಿನಿಯರ್ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅವನೂ ತಿದ್ದಲು ಹೋಗಿರಲಿಲ್ಲ. ನೆಗ್ಗಿದ ತಗಡನ್ನು ಬಡಿದು ನೆಟ್ಟಗೆ ಮಾಡುವುದೂ ಒಂದು ಎಂಜಿನಿಯರಿಂಗೇ ಎಂದು ವಾದಿಸುವಷ್ಟು ಓದು ಅವನಿಗಿತ್ತು: ಗೋಕಾಕದ ಐಟಿಐ, ಎರಡನೇ ಸಲಕ್ಕೆ ಪಾಸು. ಮೊನ್ನೆ ಹುಡುಗಿ ನೋಡಲು ಹೋಗುವ ಹಿಂದಿನ ದಿನವೇ ವೆಲ್ಡಿಂಗ್ ಕಿಡಿ ಹಾರಿ ಒಂದು ಹುಬ್ಬು ಸುಟ್ಟಿತ್ತು. ಹುಡುಗಿ ಚಹಾ ಕೊಡುವಾಗ ಉಳಿದ ಹುಬ್ಬನ್ನೇ ನೋಡುತ್ತಿದ್ದಳು. ಮಾತು ಅಲ್ಲಿಗೇ ನಿಂತಿತು.

ಗ್ಯಾರೇಜಿನ ಮಾಲೀಕ ಅಣ್ಣಾಸಾಹೇಬ ಕಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಹೊರಟು ನಿಂತಿದ್ದಾಗಲೇ ಹುಕ್ಕೇರಿಯ ಧನಪಾಲನ ಹಳೆಯ ಪದ್ಮಿನಿ ಕಾರು ಬಂತು. ಇಂಥ ಕಾರಿನಲ್ಲಿ ಬಾಗಿಲುಗಳ ಕೆಳಗೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ, ಎರಡೂ ಬದಿಗೆ ತಗಡಿನ ಪೊಳ್ಳು ತೊಲೆ ಇರುತ್ತದೆ. ನೋಡುವವರಿಗೆ ಅದು ಬರೀ ಹೊಸ್ತಿಲು. ಕಾರಿನ ನಡು ನಿಂತಿರುವುದೇ ಅದರ ಮೇಲೆ. ಈ ಕಾರಿನಲ್ಲಿ ಅದು ತುಕ್ಕು ತಿಂದು ಹಪ್ಪಳವಾಗಿತ್ತು. ಭೀಮೇಶ ಬೆರಳಿಂದ ಒತ್ತಿದ. ಬೆರಳು ಒಳಗೇ ಹೋಯಿತು.

"ಮನ್ಯಾಗ ಹೊಸಾ ಗಾಡಿ ಐತಿ," ಎಂದ ಧನಪಾಲ. "ಆದ್ರ ನಮ್ಮ ಆಯಿಗೆ ಮೊಣಕಾಲ ಮಡಚೂದಿಲ್ಲ, ಅದರಷ್ಟ ಎತ್ತರ ಏರಾಕ ಆಗೂದಿಲ್ಲ. ಸ್ತವನಿಧಿ ಬಸದಿಗೆ ಹೋಗಬೇಕಂತಾಳ. ಇದರಾಗಾದ್ರ ಕುಂತು ಸರಕೋತಾಳ."

ಹಿಂದಿನ ಸೀಟಿನಲ್ಲಿದ್ದ ಅವನ ತಾಯಿ ಸುಂದರಾಬಾಯಿ ಕಿಟಕಿಯಿಂದ ಮುಖ ಹಾಕಿದಳು. "ತಮ್ಮಾ, ಈ ಗಾಡ್ಯಾಗ ನಾ ಸೊಸಿ ಆಗಿ ಬಂದಾಕಿ. ಇಬ್ಬರಿಗೂ ಕೂಡೇ ಜಂಗ ಹಿಡದೈತಿ. ಮೊದಲ ಇದನ್ನ ನೆಟ್ಟಗ ಮಾಡು, ನಂದ ಆಮ್ಯಾಲ ನೋಡೂಣು."

ಅಣ್ಣಾಸಾಹೇಬ ಬಸ್ಸು ಹತ್ತುವ ಮೊದಲು ಭೀಮೇಶನ ಹೆಗಲು ಹಿಡಿದು ಹೇಳಿದ: "ಕೇಳ ಭೀಮ್ಯಾ. ಮೊದಲ ಬಾಗಲದ ಚೌಕಟ್ಟಿಗೆ ಅಡ್ಡ ಕಬ್ಬಿಣ ವೆಲ್ಡ್ ಮಾಡಿ ಆಧಾರ ಕೊಡು. ಒಂದ ಬಾಜೂ ಪೂರಾ ಮುಗಿಸು, ಆಮ್ಯಾಲ ಇನ್ನೊಂದ ಮುಟ್ಟು. ಅವಸರ ಮಾಡಿದ್ಯೋ, ಗಾಡಿ ನಡಾ ಬೀಳತೈತಿ."

"ಗೊತ್ತೈತಿ ಕಾಕಾ."

ಖರೇ ಗೊತ್ತಿತ್ತು. ಆದರೆ ಗೊತ್ತಿರುವುದು ಭೀಮೇಶನಿಗೆ ಎಂದೂ ಅಡ್ಡ ಬಂದಿರಲಿಲ್ಲ.

ಬಾಗಿಲು ಕಳಚಿ, ಎಷ್ಟು ತಗಡು ಬೇಕಾದೀತೆಂದು ನೋಡಲು ಎಡಗಡೆಯ ತೊಲೆಯನ್ನು ಸ್ವಲ್ಪ ಕೊಯ್ದ. ಒಳಗೆ ಮಣ್ಣು, ಮಣ್ಣಿನ ತುಂಬ ಇರುವೆ, ಬಿಳಿ ಮೊಟ್ಟೆಗಳು. ಬಾಗಿಲಿನ ರಬ್ಬರು ಕೊಡಲು ಬಂದಿದ್ದ ಧನಪಾಲ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ.

"ಮಷಿನ್ ಬಂದ್ ಮಾಡು."

"ಇರುವಿ ಅಲ್ರಿ ಸಾವ್ಕಾರ್ರ, ಹಾವೇನಲ್ಲ."

"ಹಾವಿದ್ರೂ ಹಿಂಗ ಅಂತಿದ್ದೆ. ಆಯಿ ದೇವರಿಗೆ ಹೋಗೂ ಗಾಡಿ ಇದು. ಅವು ತಾವಾಗೇ ಹೋಗೂತನಾ ಇದರ ಮ್ಯಾಲ ಒಂದ ಕಿಡಿ ಬೀಳಬಾರದು."

ಬೇವಿನ ಗಿಡದ ಬುಡದಲ್ಲಿ ಸಕ್ಕರೆ ಸುರಿದು ಅವನು ಹೋದ. ಆಧಾರದ ಕಬ್ಬಿಣ ವೆಲ್ಡ್ ಮಾಡಿದರೆ ಕಿಡಿ ಬೀಳುವುದು ನೇರ ಗೂಡಿಗೇ. ಹಾಗಾಗಿ ಭೀಮೇಶ ಕೈಕಟ್ಟಿ ಕುಳಿತ. ಇರುವೆಗಳಿಗೆ ಅವಸರವಿರಲಿಲ್ಲ. ಚಹಾಕ್ಕೆ ನಿಂತ ಟೆಂಪೋದವರಿಗೆ ಮಾತ್ರ ಹಬ್ಬ.

"ಏನೋ ಎಂಜಿನಿಯರಾ, ಮನಿ ಖಾಲಿ ಮಾಡಂತ ಇರುವಿಗೆ ನೋಟೀಸ್ ಕೊಟ್ಟೀಯೇನ?"

ಆ ಮಾತಿಗೆ ಮೈ ಉರಿಯಿತು. ಬಲಗಡೆ ಇರುವೆಯಿಲ್ಲವಲ್ಲ ಎಂದು ಅತ್ತಲಿನ ತೊಲೆಯನ್ನು ಆಧಾರ ಕೊಡದೆಯೇ ಪೂರ್ತಿ ಕೊಯ್ದ. ಆಮೇಲೆ ಇರುವೆಗೆ ದಾರಿಯಾಗಲೆಂದು ಎಡಗಡೆಯದನ್ನೂ ಸುತ್ತಿಗೆ, ಚಾಣದಿಂದ ಬಿಡಿಸಿದ. ಮುಂದೊಂದು, ಹಿಂದೊಂದು ಸ್ಟ್ಯಾಂಡಿನ ಮೇಲೆ ಕಾರು ನಡುವಿಲ್ಲದೆ ಕುಳಿತಿತ್ತು. ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಇಳಿದುಹೋಗುವುದನ್ನು ಅವನು ಮುತುವರ್ಜಿಯಿಂದ ಕಾದ. ನಡು ಜಗ್ಗುತ್ತಿದ್ದ ಕಾರಿನ ಕಡೆ ಮಾತ್ರ ಯಾರೂ ನೋಡಲಿಲ್ಲ.

ಗೂಡು ಖಾಲಿಯಾದ ಮೇಲೆ ಹೊಸ ತಗಡು ಮಡಚಿ ಎರಡೂ ಬದಿಗೆ ಕೂರಿಸಿದ. ಅಂಥ ಬೆಸುಗೆಯನ್ನು ಅವನ ಕೈ ಹಿಂದೆ ಹಾಕಿರಲಿಲ್ಲ. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೂ ಏರಿಸಿದ. ಆಮೇಲೆ ಬಾಗಿಲು ಹಚ್ಚಿದ. ಬಾಗಿಲು ಮುಚ್ಚಲಿಲ್ಲ. ಮೇಲಿನ ಮೂಲೆ ಚೌಕಟ್ಟಿಗೆ ಬಡಿಯುತ್ತಿತ್ತು, ಕೆಳಗೆ ಬೆರಳು ತೂರುವಷ್ಟು ಸಂದು. ಇನ್ನೊಂದು ಬದಿಗೂ ಅದೇ ಕಥೆ. ಕಾರಿನ ನಡು ಬಿದ್ದಿತ್ತು. ಬಿದ್ದ ನಡುವನ್ನು ಅವನು ಅಚ್ಚುಕಟ್ಟಾಗಿ, ಗಟ್ಟಿಯಾಗಿ ಬೆಸೆದಿದ್ದ.

ಅಷ್ಟರಲ್ಲಿ ಮಿರಜದಿಂದ ಫೋನು. "ಬಾಗಲಾ ಹೊಂದಿದುವೇನ?"

"ಹೊಂದ್ಯಾವ್ರಿ ಕಾಕಾ," ಎಂದಿತು ಬಾಯಿ. ಭೀಮೇಶನ ಬಾಯಿ ಅವನಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ.

ಹೇಳಿದ ಮೇಲೆ ಹೊಂದಿಸಲೇಬೇಕಲ್ಲ. ಬಾಗಿಲುಗಳ ಮೇಲಂಚನ್ನು ಗ್ರೈಂಡರಿನಿಂದ ಸವೆಸಿದ, ಸಂದಿಗೆ ಪುಟ್ಟಿ ಮೆತ್ತಿದ, ಬಣ್ಣ ಹೊಡೆದ. ಬಾಗಿಲು ಮುಚ್ಚಿತು. ಗಾಡಿ ತಯಾರಾಯಿತೇ ಎಂದು ಫೋನು ಮಾಡಿದ ಧನಪಾಲನಿಗೂ, ನಾಳೆ ಬರ್ರಿ ಎಂದ.

ಮರುದಿನ ಸುಂದರಾಬಾಯಿ ಬಿಳಿ ಸೀರೆಯುಟ್ಟು, ದೇವರಿಗೆ ಏರಿಸುವ ಅಕ್ಕಿಯ ಡಬ್ಬಿ ಹಿಡಿದು ಬಂದಳು. ಮಗನ ಎತ್ತರದ ಗಾಡಿಯಿಂದ ಅವಳನ್ನು ಇಳಿಸುವಷ್ಟರಲ್ಲಿ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಪದ್ಮಿನಿಯೊಳಗೆ ಮಾತ್ರ ತಾನೇ ಕುಳಿತು, ಸರಿದು, ಸೀಟು ಸವರಿದಳು. "ನಮ್ಮ ಗಾಡಿ," ಎಂದಳು.

ಧನಪಾಲನೂ ಕುಳಿತು ಬಾಗಿಲು ಎಳೆದುಕೊಂಡ. ಆಗ ಬಾಗಿಲಿನ ಮೇಲಂಚಿನಲ್ಲಿ ಹೊಸ ಬಣ್ಣ ಚಿಟಿಚಿಟಿ ಎಂದಿತು. ಉಳಿದಿದ್ದ ಕೂದಲಿನಷ್ಟು ಸಂದೂ ಮುಚ್ಚಿಹೋಯಿತು. ಇಬ್ಬರ ಭಾರಕ್ಕೇ ಹೀಗಾದರೆ, ಮುಂದೆ ಸ್ತವನಿಧಿ ಘಾಟು, ಹಿಂದೆ ಮುಂದೆ ಲಾರಿಗಳು. ಧನಪಾಲ ಕೀಲಿ ತಿರುಗಿಸಿದ. ಭೀಮೇಶ ಹೋಗಿ ಕಾರಿನ ಮುಂದೆ ನಿಂತ.

"ಬಂದ್ ಮಾಡ್ರಿ ಸಾವ್ಕಾರ್ರ. ಗಾಡಿ ನಡಾ ಬಿದ್ದೈತಿ. ಆಧಾರ ಕೊಡದನ ಎರಡೂ ಬಾಜೂ ಕೊಯ್ದೆ. ಬಾಗಲಾ ಮುಚ್ಚಲಿಲ್ಲ, ಸವಸಿ ಮುಚ್ಚೇನಿ."

ಧನಪಾಲನ ಮುಖ ಕೆಂಪಾಯಿತು. "ನಾ ಇರುವಿ ಉಳಸಂದೆ. ಎರಡೂ ಬಾಜೂ ಕೊಯ್ಯಿ ಅಂದಿದ್ದೆನೇನ?"

"ಇಲ್ರಿ."

"ಮತ್ತ ನಿನ್ನೆ ಫೋನ್ ಮಾಡಿದಾಗ ಯಾಕ ಬೊಗಳಲಿಲ್ಲ?"

ಸುಂದರಾಬಾಯಿ ಇಳಿಯುವ ಲಕ್ಷಣ ಕಾಣಲಿಲ್ಲ. "ಇವತ್ತೊಂದ ದಿನ ತಡಿಯೂದಿಲ್ಲೇನ ತಮ್ಮಾ? ಹೋಗಿ ಬರೂಮಟಾ ಅಷ್ಟ."

ಹೂಂ ಅನ್ನುವುದು ಅವನಿಗೆ ಎಷ್ಟು ಸಲೀಸಾಗಿತ್ತೆಂದರೆ ಬಾಯಿ ಆಗಲೇ ತೆರೆದಿತ್ತು. "ತಡದ್ರೂ ತಡೀಬಹುದು ಆಯಿ. ನನಗ ಗೊತ್ತಿಲ್ಲ. ಗೊತ್ತಿಲ್ಲದ ಗಾಡ್ಯಾಗ ನಿಮ್ಮನ್ನ ಕಳಸೂದಿಲ್ಲ."

ಬಾಗಿಲು ಸಿಕ್ಕಿಕೊಂಡಿತ್ತು. ಅವನೇ ಹೆಗಲು ಕೊಟ್ಟು ಎಳೆದ. ಬಣ್ಣದ ಹಕ್ಕಳೆ ಬಿಳಿ ಸೀರೆಯ ಮೇಲೆಲ್ಲ ಉದುರಿತು. ಎತ್ತರದ ಗಾಡಿಗೆ ಮತ್ತೆ ಹತ್ತಿಸುವಾಗ ಆಕೆ ಅವನ ಕೈಯನ್ನು ಬೇಡವೆನ್ನಲಿಲ್ಲ, ಮುಖ ಮಾತ್ರ ನೋಡಲಿಲ್ಲ. ಗಾಡಿ ಸ್ತವನಿಧಿಯ ಕಡೆ ಹೋಗದೆ ಹುಕ್ಕೇರಿಯ ಕಡೆ ತಿರುಗಿತು.

ಭೀಮೇಶ ಮಿರಜಕ್ಕೆ ಫೋನು ಹಚ್ಚಿ ಎಲ್ಲ ಹೇಳಿದ. ಅಣ್ಣಾಸಾಹೇಬ ಬಯ್ಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನಡಕ ಜ್ಯಾಕ್ ಕೊಟ್ಟ, ಸಂದು ಸಮಾ ಆಗೂಮಟಾ ಎತ್ತು. ಆಧಾರ ಹಾಕು. ಹಾಕಿದ್ದನ್ನೆಲ್ಲಾ ಕೊಯ್ಯಿ. ಆದ್ರ ಆತು. ಆಗಲಿಲ್ಲಂದ್ರ, ನಾ ಬಂದ ಮ್ಯಾಲ ಮಾತಾಡೂಣು."

ಜ್ಯಾಕು ಏರಿದಂತೆ ತಗಡು ನರಳಿತು. ಸಂದು ಒಂದಿಷ್ಟು ಬಿಟ್ಟಿತು, ನಿಂತಿತು. ಅಡ್ಡ ಕಬ್ಬಿಣ ಬೆಸೆದು, ಭೀಮೇಶ ಗ್ರೈಂಡರ್ ಹಿಡಿದು ಕುಳಿತ. ತುಕ್ಕು ತಿಂದ ತೊಲೆ ಕೊಯ್ಯುವಾಗ ಬೆಣ್ಣೆಯಂತೆ ಬಂದಿತ್ತು. ಈಗ ಬ್ಲೇಡಿನ ಮೇಲೆ ಬ್ಲೇಡು ಸವೆದರೂ ಅವನ ಬೆಸುಗೆ ಬಿಡಲೊಲ್ಲದು.