ಕಿಟಕಿ ಪಕ್ಕದ ಡಬ್ಬಿ

ಬೆಳಗ್ಗೆ ಐದೂವರೆ. ದೊಡ್ಡವರಿಗೆ ಭಾಷೆ ಕಲಿಸುವ ಶಾಲೆಯಲ್ಲಿ ಕಸ ಗುಡಿಸಿ ಮುಗಿಸಿದ ಡಬ್ಬಿಯಮ್ಮ, ಕೈ ಒರೆಸಿಕೊಂಡು ಮೊದಲ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಇಲ್ಲಿ ತಲೆಗೊಂದು ಡಬ್ಬಿ, ಡಬ್ಬಿಗೆ ಮೂರು ಖಾನೆ. ಕಲಿತ ಪದವನ್ನು ಚೀಟಿಯಲ್ಲಿ ಬರೆದು ನಾಮಪದ, ಕ್ರಿಯಾಪದ, ಗುಣವಾಚಕ ಎಂದು ವಿಂಗಡಿಸಿ ಹಾಕಬೇಕು. ತಪ್ಪು ಖಾನೆಯ ಚೀಟಿಯನ್ನು ಡಬ್ಬಿಯಮ್ಮ ಅರ್ಧ ಮೇಲಕ್ಕೆಳೆದು ಬಿಡುತ್ತಾರೆ, ಅಷ್ಟೇ.

"ಮೇಷ್ಟ್ರು ನೋಡೋಕೆ ಮುಂಚೆ ಬರೆದೋರೇ ನೋಡ್ಕೊಳ್ಳಲಿ. ನಾಲ್ಕು ಜನರ ಎದುರು ಮರ್ಯಾದೆ ಹೋಗೋದು ಬೇಡ."

ದಿನಕ್ಕೆ ಹದಿನೆಂಟು ಡಬ್ಬಿ, ಒಂದೊಂದರಲ್ಲೂ ಐವತ್ತರವತ್ತು ಚೀಟಿ. ಯಾರೂ ಹೇಳಿದ ಕೆಲಸವಲ್ಲ. ಹೊಗಳಲು ಬಂದ ಪತ್ರಿಕೆಯವರ ಮುಂದೆ ಅವರು ತಲೆ ಎತ್ತುವುದೇ ಇಲ್ಲ.

ನಾಲ್ಕು ವರ್ಷದ ಹಿಂದೆ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಒಂದು ಬೆಳಗ್ಗೆ ಪೊರಕೆ ತಗುಲಿ ಕಿಟಕಿ ಪಕ್ಕದ ಡಬ್ಬಿ ಉರುಳಿತು. ಖಾನೆಗೊಂದರಂತೆ ಚೀಟಿಯ ಅಂಚಿಗೆ ಬಳಿದ ಬಣ್ಣ ನೋಡಿ ತುಂಬೋಣವೆಂದರೆ ಕಿಟಕಿಯ ಬಿಸಿಲಿಗೆ ಮಾಸಿ ಎಲ್ಲ ಒಂದೇ ಆಗಿತ್ತು. ಸಿಕ್ಕಿದ್ದನ್ನು ಸಿಕ್ಕ ಖಾನೆಗೆ ತುರುಕಿ ಮುಚ್ಚಳ ಹಾಕಿದರು.

ಅದು ಐವತ್ತು ದಾಟಿದ ಗಾರೆ ಕೆಲಸದವರೊಬ್ಬರ ಡಬ್ಬಿ. ಅಂದೇ ಪರೀಕ್ಷೆ. ಡಬ್ಬಿ ತೆರೆದ ಮೇಷ್ಟ್ರು, "ಆರು ತಿಂಗಳು ಬೆಂಚು ಬಿಸಿ ಮಾಡಿದ್ದು ಇದಕ್ಕೇನಾ?" ಎಂದರು. ತರಗತಿ ಗೊಳ್ಳೆಂದಿತು. ಗಾರೆಯವರು, "ನನ್ನ ತಲೆಗೆ ಹತ್ತಲ್ಲ ಬಿಡಿ ಸಾರ್" ಎಂದು ಎದ್ದು ಹೋದವರು ಮತ್ತೆ ಇತ್ತ ಸುಳಿಯಲಿಲ್ಲ. ಡಬ್ಬಿಯಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡಿದರು.

"ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ಕೆಲಸ ಉಳೀತು. ಮನೇಲಿ ಯಜಮಾನ್ರಿಗೂ ಹೇಳಿಲ್ಲ, ನಾಚಿಕೆ."

ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಎರಡು ವರ್ಷ ಅಕ್ಷರ ತಿದ್ದಿದರು. ಓದಲು ಬಂದ ದಿನ ಮೊದಲು ತೆರೆದದ್ದು ಅದೇ ಡಬ್ಬಿ. ಅರವತ್ತೊಂದು ಚೀಟಿ. ಪ್ರತಿಯೊಂದರ ಹಿಂದೆಯೂ ಯಾವ ಖಾನೆಯದೆಂದು ಗಾರೆಯವರು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದರು. ಒಂದೂ ತಪ್ಪಿರಲಿಲ್ಲ. ಅಂದು ಮೇಷ್ಟ್ರು ತಿರುಗಿಸಿ ನೋಡಿರಲಿಲ್ಲ.

ಆ ಡಬ್ಬಿ ಈಗ ಬಿಸಿಲು ಬೀಳದ ಕಪಾಟಿನಲ್ಲಿದೆ. ದಿನಾ ಅದರ ಧೂಳು ಒರೆಸುತ್ತಾರೆ.

"ನನ್ನ ಬಗ್ಗೆ ಒಳ್ಳೇದು ಬರೀಬೇಡಿ" ಎನ್ನುತ್ತಾರೆ. "ಡಬ್ಬಿ ಬೀಳಿಸಿದ್ದು ನಾನು, ಆ ಗಾರೆಯವರು ಎಲ್ಲಾ ಸರಿಯಾಗೇ ಕಲ್ತಿದ್ರು ಅಂತ ಬರೀರಿ. ಮೇಷ್ಟ್ರೂ ಓದಲಿ, ಕೆಲಸ ಹೋದ್ರೆ ಹೋಗಲಿ. ಆದ್ರೆ ಸಣ್ಣ ಸಣ್ಣ ಮಾತಲ್ಲಿ ಬರೀರಿ. ಆರು ತಿಂಗಳು ಕಲ್ತಷ್ಟರಲ್ಲೇ ಅವರಿಗೆ ಓದೋಕೆ ಬರಬೇಕು."