ಅಣ್ಣನ ಮೆತ್ತನೆಯ ರೊಟ್ಟಿ

ನಾನು ಚಿಕ್ಕವನಿದ್ದಾಗ ಲೋಕದಲ್ಲಿ ಅನ್ಯಾಯ ಮಿತಿಮೀರಿತ್ತು. ಲೋಕವೆಂದರೆ ಹಿರೇಹಡಗಲಿಯ ನಮ್ಮ ಮನೆ. ಅನ್ಯಾಯವೆಂದರೆ ಅಣ್ಣನ ತಟ್ಟೆಯ ಮೆತ್ತನೆಯ ರೊಟ್ಟಿ.

ಅವತ್ತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದೆವು. ಯಂತ್ರಕ್ಕೆ ಹಾಕಿದರೆ ಕಾಳು ಒಡೆಯುತ್ತದೆಂದು ಅಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದ್ದ. ಸಿಪ್ಪೆಯ ಮಣ್ಣಿನ ವಾಸನೆ ಮೂಗಿಗೇರಿತ್ತು, ನನ್ನ ಹೆಬ್ಬೆರಳು ಉರಿಯುತ್ತಿತ್ತು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಾತ್ರ ಮೊಣಕಾಲ ಕೆಳಗೆ ದಿಂಬಿಟ್ಟುಕೊಂಡು ಮಂಚದ ಮೇಲೆ ಮಹಾರಾಜನಂತೆ ಒರಗಿದ್ದ. ಅವನ ಮೊಣಕಾಲು ಬೀಳದೆಯೇ ಊದುತ್ತಿತ್ತು. ಯಾರೂ ಹೊಡೆಯದೆಯೇ ಮೈಮೇಲೆ ನೀಲಿ ಕಲೆಗಳು ಏಳುತ್ತಿದ್ದವು. ನಾನು ಅಷ್ಟೆಲ್ಲ ಏಟು ತಿಂದರೂ ಅಂಥ ಒಂದು ಕಲೆ ಸಂಪಾದಿಸಲಾಗಲಿಲ್ಲ. ಅವನ ಮೂಗಿನಲ್ಲಿ ರಕ್ತ ಬಂದರೆ ಅರ್ಧ ದಿನ ನಿಲ್ಲುತ್ತಿರಲಿಲ್ಲವಾದ್ದರಿಂದ ಮಾಸ್ತರರೂ ಅವನನ್ನು ಮುಟ್ಟುತ್ತಿರಲಿಲ್ಲ. ಅವನ ಪಾಲಿನ ಏಟು ವ್ಯರ್ಥವಾಗಬಾರದೆಂದು ನನಗೇ ಕೊಡುತ್ತಿದ್ದರೆಂಬುದು ನನ್ನ ಗುಮಾನಿ.

ಊಟಕ್ಕೆ ಅವ್ವ ಅವನಿಗೆ ಹೆಂಚಿನಿಂದಿಳಿದ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ನನಗೆ ವಾರದ ಹಿಂದಿನ ಖಡಕ್ ರೊಟ್ಟಿ. ಮುಖ ಊದಿಸಿದ್ದಕ್ಕೆ, "ಅವನ ವಸಡಿಗೆ ಚುಚ್ಚತೈತಿ. ನಿನಗೇನು ಧಾಡಿ ಆಗೈತಿ?" ಎಂದಳು.

ಅವಳು ನೀರು ತರಲು ಹೋದಾಗ ನಾನು, "ಯಣ್ಣಾ, ಮೆತ್ತನ ರೊಟ್ಟಿ ಮುದುಕ್ಯಾರು ತಿಂತಾರ. ನಿನಗ ಹಲ್ಲು ಅದಾವೋ ಇಲ್ಲೋ?" ಎಂದೆ.

"ಕೊಡಲೇ ಇಲ್ಲಿ," ಎಂದು ಅಣ್ಣ ನನ್ನ ರೊಟ್ಟಿ ಕಸಿದು ಕಟಕಟನೆ ಕಡಿದ. ನಾನು ಅವನದನ್ನು ತಿಂದೆ. ನಿಜ ಹೇಳಬೇಕೆಂದರೆ, ಬಹಳ ರುಚಿಯಾಗಿತ್ತು.

ಸಂಜೆಯಾದರೂ ಅವನ ಬಾಯಿಯ ರಕ್ತ ನಿಲ್ಲಲಿಲ್ಲ. ಅರಿಸಿನ ಒತ್ತಿದರು, ಕಾಫಿಪುಡಿ ಒತ್ತಿದರು. ಉಗುಳುವ ಬಟ್ಟಲು ಕೆಂಪಾಗುತ್ತಲೇ ಇತ್ತು. ಅಣ್ಣನ ತುಟಿ ಬೆಳ್ಳಗಾಯಿತು. "ಖಡಕ್ ರೊಟ್ಟಿ ಯಾರು ಕೊಟ್ಟರೋ?" ಎಂದು ಅವ್ವ ಅತ್ತಳು.

ಅಣ್ಣ ನನ್ನತ್ತ ನೋಡಿ, "ನಾನ ಕಸಗೊಂಡು ತಿಂದೀನಬೇ, ಅವಂಗ ಬೈಬ್ಯಾಡ," ಎಂದ. ಒಳ್ಳೆಯವನೆಂಬ ಹೆಸರೂ ಅವನಿಗೇ ಹೋಯಿತು.

ನನ್ನನ್ನೂ ಕಟ್ಟಿಕೊಂಡು ಎಲ್ಲರೂ ದೊಡ್ಡಾಸ್ಪತ್ರೆಗೆ ಓಡಿದರು. ಡಾಕ್ಟರು ಅವ್ವನನ್ನು, "ನಿಮ್ಮ ಅಣ್ತಮ್ಮರಿಗೆ ಯಾರಿಗಾದ್ರೂ ಹಿಂಗ ಇತ್ತೇನ್ರಿ?" ಎಂದು ಕೇಳಿದರು. ಅವ್ವನ ತಮ್ಮ ಚಿಕ್ಕಂದಿನಲ್ಲಿ ಹಲ್ಲು ಬಿದ್ದು, ರಕ್ತ ನಿಲ್ಲದೆ ತೀರಿಕೊಂಡಿದ್ದ. ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಅಂಶ ಅಣ್ಣನಲ್ಲಿ ಹುಟ್ಟಿನಿಂದಲೇ ಕಡಿಮೆ ಇದೆ, ಇದು ತಾಯಿಯ ಕಡೆಯಿಂದ ಒಬ್ಬ ಮಗನಿಗೆ ಬಂದು ಇನ್ನೊಬ್ಬನಿಗೆ ಬರದೆಯೂ ಇರಬಹುದು ಎಂದರು ಡಾಕ್ಟರು. ಆ ಇನ್ನೊಬ್ಬ, ಅಂದರೆ ನಾನು, ಬಾಗಿಲ ಬಳಿ ನಿಂತಿದ್ದೆ. ಒಳ್ಳೆಯ ಪಾಲು ನನಗೇ ಬಂದಿದೆಯೆಂದು ಅವತ್ತು ಮೊದಲ ಸಲ ತಿಳಿಯಿತು. ಆದರೂ ಅವನ ತಲೆದಿಂಬಿನ ಪಕ್ಕದ ಮೋಸಂಬಿಯ ಮೇಲೆ ಒಂದು ಕಣ್ಣಿತ್ತು.

ಬೇರೆಯವರ ರಕ್ತ ಏರಿಸಿದ ಮೇಲೆ ಮೂರನೆಯ ದಿನ ರಕ್ತ ನಿಂತಿತು.

ಮೊಮ್ಮಕ್ಕಳೇ, ಅದೇ ತೊಂದರೆ ಅಣ್ಣನ ಮಗಳ ಮೂಲಕ ಈಗ ನಿಮ್ಮಲ್ಲೊಬ್ಬನಿಗೆ ಬಂದಿದೆ. ಅವನು ಆ ಕಡಿಮೆಯಾದ ಅಂಶದ ಇಂಜೆಕ್ಷನ್ ಹಾಕಿಸಿಕೊಂಡು ಶಾಲೆಗೆ ಹೋಗುತ್ತಾನೆ, ಸೈಕಲ್ ಹೊಡೆಯುತ್ತಾನೆ. ಸೂಜಿ ಚುಚ್ಚಿಸಿಕೊಂಡಾಗ ಅವನಿಗೆ ಸಿಗುವ ಚಾಕಲೇಟು ಕಂಡು ಅವನ ತಂಗಿ ಮುಖ ಊದಿಸುತ್ತಾಳೆ. ಆ ಮುಖವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ನಮ್ಮ ಕಾಲದಲ್ಲಿ ಆ ಇಂಜೆಕ್ಷನ್ ನಮ್ಮ ಕಡೆ ಸಿಗುತ್ತಿರಲಿಲ್ಲ. ಅಣ್ಣನ ಬಲ ಮೊಣಕಾಲು ಮಡಚಿದಂತೆಯೇ ಉಳಿಯಿತು. ನನ್ನ ಹಲ್ಲುಗಳೆಲ್ಲ ಉದುರಿವೆ. ಈಗ ನಮ್ಮಿಬ್ಬರಿಗೂ ಮೆತ್ತನೆಯ ರೊಟ್ಟಿ.