ನಾನಿ ತನ್ನ ಮನೆಯ ಹೊರಗೆ ನಿಂತ ದಿನ

ಅರವತ್ತರ ದಶಕದ ಶುರುವಿನಲ್ಲಿ ಶಿರಸಿ ಬಸ್ ಸ್ಟ್ಯಾಂಡಿನ ಹಿಂದಿದ್ದ ನಮ್ಮ ಓಣಿಗೆ ಏನೋ ಮಾಯೆ ಕವಿದಂತಿತ್ತು. ಯಾರೂ ಕಣ್ಣೆತ್ತಿ ನೋಡದಿದ್ದ ಹಂಚಿನ ಮನೆಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅದರಲ್ಲೊಂದು ನಮ್ಮಮ್ಮಿಯ ತಾಯಿಯದು, ನನ್ನ ನಾನಿಯದು. ಅವಳನ್ನು ನೋಡಿಕೊಳ್ಳುತ್ತಾ ನಾವೂ ಅಲ್ಲೇ ಇದ್ದೆವು. ಯಲ್ಲಾಪುರದಲ್ಲಿದ್ದ ಅಮ್ಮಿಯ ಅಣ್ಣ, ನಮ್ಮ ಮಾಮು, ಬಂದಾಗಲೆಲ್ಲ ಅದನ್ನು ಮಾರೋಣವೆನ್ನುತ್ತಿದ್ದರು. ನಾನಿ ಕಣ್ಣು ಮುಚ್ಚಿದರೆ ಮಗನ ಪಾಲೇ ದೊಡ್ಡದು, ನಾವು ಬೀದಿಗೆ.

ಮಗಳಿಗೆ ದಾನಪತ್ರ ಮಾಡಿಕೊಡೋಣವೆಂದರೆ ಸ್ಟಾಂಪ್ ಕಾಗದದ ಖರ್ಚು ಮನೆಯ ಬೆಲೆ ಏರಿದಷ್ಟೂ ಏರುತ್ತಿತ್ತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಅದೊಂದು ಬದಲಾಗಲಿಲ್ಲ. ಲಾರಿ ಓಡಿಸುವ ಅಬ್ಬಾ ಒಂದಿಷ್ಟು ಕೂಡಿಸುವಷ್ಟರಲ್ಲಿ ಬೆಲೆ ಮತ್ತೆ ಏರಿರುತ್ತಿತ್ತು. ನನಗೆ ಈಗಲೂ ಸಿಟ್ಟಿದೆ. ತಾಯಿ ಮಗಳಿಗೆ ಕೊಡುವ ಮನೆಗೆ ಎಂಥ ಬೆಲೆ?

ಕೊನೆಗೆ ಮಸೀದಿಯ ಹಿರಿಯರೊಬ್ಬರು ನಮ್ಮವರ ಹಳೆಯ ದಾರಿ ಹೇಳಿದರು. ನಾಲ್ಕು ಜನರೆದುರು ಬಾಯಿಮಾತಿನಲ್ಲೇ ಕೊಡಬಹುದು, ಕಾಗದ ಬೇಡ. ಆದರೆ ಕೊಟ್ಟವಳು ತನ್ನ ಸಾಮಾನು ಸಮೇತ ಹೊರಗೆ ಹೋಗಬೇಕು. ಆಮೇಲೆ ಮಗಳು ಕರೆದರೆ ಬರಬಹುದು.

ಶುಕ್ರವಾರದ ನಮಾಜು ಮುಗಿದ ಮೇಲೆ ಓಣಿಯೇ ನೆರೆಯಿತು. ನಾನಿ ಕೊಟ್ಟೆನೆಂದಳು, ಅಮ್ಮಿ ತೆಗೆದುಕೊಂಡೆನೆಂದಳು. ಟ್ರಂಕು, ಹಾಸಿಗೆ, ಎಲೆಅಡಿಕೆ ಡಬ್ಬಿ, ಕೊನೆಗೆ ಕೋಳಿಯೂ ಹೊರಗೆ ಬಂತು. ಕೋಳಿ ಮಾತ್ರ ಕೊಸರಿಕೊಂಡು ತನ್ನ ಮೊಟ್ಟೆಯಿಡುವ ಮೂಲೆಗೇ ಓಡಿತು. ಎದುರುಮನೆಯ, ಬನವಾಸಿ ಕಡೆಯ ಜವಳಿ ಅಂಗಡಿಯವರು, "ಅದನ್ನೂ ಮಗಳಿಗೇ ಬಿಡ್ರಿ ಅಜ್ಜಿ, ಮನೀ ಜೋಡಿ ಹೋತು ಅಂತ ತಿಳೀರಿ" ಎಂದರು. ಎಲ್ಲರೂ ನಕ್ಕರು.

ನಾನಿ ನಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನೆಯನ್ನು ಅವಳು ಬೀದಿಯಲ್ಲಿ ನಿಂತು ಕಣ್ತುಂಬ ನೋಡಿರಲೇ ಇಲ್ಲವಂತೆ. ಹಂಚಿನ ಮೇಲೆ ಬಿಸಿಲು ಮೆಲ್ಲಗೆ ಜಾರುತ್ತಿತ್ತು. ನೀಲಿ ಬಾಗಿಲು ಕನಸಿನಲ್ಲಿ ಕಂಡ ಹಾಗೆ ಸುಮ್ಮನೆ ತೆರೆದುಕೊಂಡಿತ್ತು.

"ಇಷ್ಟು ಚಂದ ಇತ್ತಾ ನಮ್ಮನೆ?" ಎಂದಳು. ಆಮೇಲೆ ಅಮ್ಮಿಯ ಕಡೆ ತಿರುಗಿ, "ನಿನ್ನ ಮನೆ" ಎಂದು ತಿದ್ದಿಕೊಂಡಳು. ನನಗೆ ಅಳು ಬಂತು. ಅಮ್ಮಿ ಕರೆದ ಮೇಲೆಯೇ ಅವಳು ಮತ್ತೆ ಹೊಸಿಲು ದಾಟಿದ್ದು.

ವರ್ಷ ತುಂಬುವುದರೊಳಗೆ ಮಾಮು ಕೊಳ್ಳುವವರನ್ನೇ ಕರೆದುಕೊಂಡು ಬಂದರು. ನಾನಿ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು.

"ನನ್ನೇನು ಕೇಳ್ತೀ? ನಾ ಇಲ್ಲಿ ನೆಂಟಳು. ಮನೆಯವಳು ಒಳಗಿದ್ದಾಳೆ" ಎಂದಳು.

ಕಾಗದ ಎಲ್ಲಿ ಎಂದು ಮಾಮು ರೇಗಿದರು. ಜವಳಿ ಅಂಗಡಿಯವರು ಎದುರು ಕಟ್ಟೆಯಿಂದಲೇ, "ನಾವೆಲ್ಲ ನೋಡೇವ್ರಿ, ಕೋಳಿ ಸಮೇತ" ಎಂದರು. ಕೊಳ್ಳಲು ಬಂದವರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಅಮ್ಮಿ ಬಾಗಿಲಿಗೆ ಬಂದು ಅಣ್ಣನನ್ನು ಊಟಕ್ಕೆ ಕರೆದಳು. ಮಾಮು ತಲೆ ತಗ್ಗಿಸಿ ಒಳಗೆ ಹೋದರು. ನಾನಿ ಕೂತೇ ಇದ್ದಳು. "ಅಮ್ಮಾ, ನೀನೂ ಬಾ" ಎಂದು ಅಮ್ಮಿ ಕರೆದ ಮೇಲೆಯೇ ಅವಳು ಎದ್ದದ್ದು.